ಪಥ್ಯ ತಪ್ಪಿದ ಮರುದಿನ

ಮೊದಲೆಲ್ಲ ಇಬ್ಬರು ಊರಿನವರು ತುರ್ಭೆಯ ನಿಲ್ದಾಣದಲ್ಲಿ ಎದುರುಬದುರಾದರೆ ಊರಿನ ಮಳೆ-ಬೆಳೆ, ಮನೆಮಂದಿಯ ಕ್ಷೇಮಸಮಾಚಾರಗಳನ್ನು ವಿಚಾರಿಸಿಕೊಳ್ಳುವುದು ವಾಡಿಕೆಯಾಗಿತ್ತು. ಈಗಲಾದರೋ, "ನಿಮ್ಮದು ಈಗ ಎಷ್ಟುಂಟು ಮಾರಾಯರೇ?" ಎಂದು ಒಬ್ಬರು ಕೇಳುತ್ತಾರೆ, "ಬರಿಹೊಟ್ಟೆಗೆ ನೂರ ಅರುವತ್ತು" ಎಂದು ಮತ್ತೊಬ್ಬರು ಉತ್ತರ ಕೊಡುತ್ತಾರೆ. ಯಾವುದು ಎಷ್ಟು ಎಂಬುದನ್ನು ಬಿಡಿಸಿ ಹೇಳಬೇಕಾದ ಪ್ರಮೇಯವೇ ಇಲ್ಲ. ಸಕ್ಕರೆಯ ರೋಗವು ನಮ್ಮ ಹೊಟೇಲು ಬಂಧುಗಳ ಹಾಗೂ ಗುಮಾಸ್ತ ಮಿತ್ರರ ನಡುವೆ ಅಷ್ಟರ ಮಟ್ಟಿಗೆ ಬಳಕೆಯ ಮಾತಾಗಿಬಿಟ್ಟಿದೆ.

ಇದೊಂದು ಕಾಲಕ್ಕೆ ಶ್ರೀಮಂತರ ರೋಗವೆಂದು ಹೆಸರಾಗಿತ್ತು. ಆ ಮಾತು ಇಂದು ಹುಸಿಯಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶದಾದ್ಯಂತ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಅದರ ಹೊಸ್ತಿಲಲ್ಲಿ ಬಂದು ನಿಂತವರು ಸುಮಾರು 13 ಕೋಟಿ 60 ಲಕ್ಷ. ಅದೇ ಅಧ್ಯಯನದ ಅಂಗವಾಗಿ 2025ರಲ್ಲಿ ಹೊರಬಂದ ವರದಿಯು, ಭಾರತೀಯರು ಆಹಾರದಿಂದ ಪಡೆಯುವ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ ಮತ್ತು ಸಕ್ಕರೆಗಳಿಂದಲೇ ಬರುತ್ತದೆಂದು ತಿಳಿಸಿದೆ. ಆದುದರಿಂದ ವೈದ್ಯರು ಅನ್ನವನ್ನೂ ಸಕ್ಕರೆಯನ್ನೂ ಕಡಿಮೆ ಮಾಡಿರೆಂದು ಹೇಳುವುದೂ, ನಮ್ಮವರಲ್ಲಿ ಅನೇಕರು ಆ ಪಥ್ಯವನ್ನು ಹಿಡಿಯುವುದೂ ಸ್ವಾಭಾವಿಕವೇ ಸರಿ.

ಪಥ್ಯವನ್ನು ಹಿಡಿಯುವುದು ಹೇಗೆಂದು ಬೋಧಿಸುವವರಿಗೆ ಬರಗಾಲವಿಲ್ಲ. ಹಿಡಿದ ಪಥ್ಯ ತಪ್ಪಿಹೋದರೆ ಮುಂದೇನು ಎಂಬುದನ್ನು ಹೇಳುವವರು ಮಾತ್ರ ವಿರಳ. ಈ ಲೇಖನದ ವಿಷಯವು ಅದೇ ಆಗಿದೆ. ನಾವು ವೈದ್ಯರಲ್ಲ, ಎಸ್.ಎಸ್.ಎಲ್.ಸಿ.ಯವರೆಗೆ ಓದಿ, ಹೊಟೇಲು ನಡೆಸಿ, ಅನಂತರ ಲೇಖನಿ ಹಿಡಿದವರು. ಆದರೆ ಪಥ್ಯ ತಪ್ಪಿದವರ ಪೈಕಿ ನಾವೂ ಒಬ್ಬರಾದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರವಿದೆಯೆಂದು ಭಾವಿಸುತ್ತೇವೆ.

ನಮ್ಮ ಸ್ವಂತ ಸಂಗತಿ

ಹಲವು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೆವು; ಅದನ್ನು ಬಿಟ್ಟ ಮೇಲೆ ಸಂಪಾದಕನ ಮೇಜಿನ ಹಿಂದೆ ಕುಳಿತೆವು. ಎರಡೂ ಕುಳಿತು ಮಾಡುವ ಉದ್ಯೋಗಗಳೇ. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ರಕ್ತಪರೀಕ್ಷೆಯಲ್ಲಿ 8.4 ಎಂದು ಬಂದಾಗ ಡಾಕ್ಟರರು ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿದರು. ಅಂದಿನಿಂದ ಅನ್ನವು ಒಂದು ಸಣ್ಣ ಬಟ್ಟಲಿಗೆ ಇಳಿಯಿತು. ಚಹಾದ ಸಕ್ಕರೆ ನಿಂತಿತು. ಮೊಟ್ಟೆ, ಮೀನು, ಹೆಸರುಕಾಳು, ಸೊಪ್ಪುಗಳು ಬಂದವು. ಏಳು ತಿಂಗಳಲ್ಲಿ 8.4 ಹೋಗಿ 6.6 ಆಯಿತು. ನಮಗೆ ಸ್ವಲ್ಪ ಗರ್ವವೂ ಬಂದಿತೆಂದು ಒಪ್ಪಿಕೊಳ್ಳಬೇಕು.

ಮೇ ತಿಂಗಳಲ್ಲಿ ಅಕ್ಕನ ಮಗನ ಮದುವೆಗೆಂದು ಊರಿಗೆ ಹೋದೆವು. ಹನ್ನೆರಡು ದಿನ ಅಲ್ಲಿದ್ದೆವು. ಬೆಳಿಗ್ಗೆ ನೀರುದೋಸೆ, ಅದಕ್ಕೆ ಕಾಯಿಬೆಲ್ಲ, ಮಧ್ಯಾಹ್ನ ಹೋಳಿಗೆ, ಸಂಜೆ ಯಾರ ಮನೆಗೆ ಹೋದರೂ ತಟ್ಟೆಯ ತುಂಬ ಹಲಸಿನ ಹಣ್ಣು. "ಮುಂಬಯಿಗೆ ಹೋದ ಮೇಲೆ ಇದೆಲ್ಲ ಎಲ್ಲಿ ಸಿಗಬೇಕು, ತಿನ್ನು" ಎಂದು ಅಕ್ಕ ಬಡಿಸಿದಾಗ ಬೇಡವೆನ್ನುವ ಎದೆಗಾರಿಕೆ ನಮಗಿರಲಿಲ್ಲ. ಮತ್ಸ್ಯಗಂಧಾದಲ್ಲಿ ಬಂದು ಪನವೇಲಿನಲ್ಲಿ ಇಳಿದ ಮರುದಿನ ತೂಗಿ ನೋಡಿದರೆ ಎರಡು ಕಿಲೋ ಏರಿತ್ತು. "ಏಳು ತಿಂಗಳ ತಪಸ್ಸು ನೀರಿನಲ್ಲಿ ಹೋಯಿತು, ಇನ್ನು ಹೇಗೂ ಕೆಟ್ಟಿತು" ಎಂದುಕೊಂಡೆವು. ಆ ದಿನವೇ ಎರಡು ಚಮಚೆ ಸಕ್ಕರೆ ಹಾಕಿದ ಚಹಾ ಕುಡಿದೆವು. ಪಥ್ಯವನ್ನು ಬರುವ ಸೋಮವಾರ ಹಿಡಿಯೋಣ, ಬರುವ ತಿಂಗಳ ಒಂದನೆಯ ತಾರೀಖಿಗೆ ಹಿಡಿಯೋಣ, ಚೌತಿ ಮುಗಿಯಲಿ ಎನ್ನುತ್ತ ನಾಲ್ಕು ತಿಂಗಳು ಕಳೆದೆವು. ಡಾಕ್ಟರರ ದವಾಖಾನೆಯಿರುವ ಬೀದಿಯನ್ನು ತಪ್ಪಿಸಿ, ಬಳಸುದಾರಿಯಿಂದ ಮನೆಗೆ ನಡೆದ ದಿನಗಳೂ ಉಂಟು.

ಹೀಗಿರಲು ಒಂದು ದಿನ, ಹಿಂದೆ ನಮ್ಮ ಹೊಟೇಲಿನಲ್ಲಿ ಕ್ಯಾಪ್ಟನ್ ಆಗಿದ್ದವನೊಬ್ಬನು ಕಾರ್ಯಾಲಯಕ್ಕೆ ಬಂದನು. ಬಲಗಾಲಿಗೆ ಪಟ್ಟಿ ಕಟ್ಟಿತ್ತು, ಕಿರುಬೆರಳನ್ನು ತೆಗೆದಿದ್ದರು. ಹೊಸ ಬೂಟು ಉಜ್ಜಿ ಗುಳ್ಳೆಯಾದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ; ಸಕ್ಕರೆಯು ಪಾದದ ನರಗಳ ಸ್ಪರ್ಶಜ್ಞಾನವನ್ನು ಕಳೆದಿತ್ತು. "ಇಷ್ಟು ದಿನ ಡಾಕ್ಟರರಲ್ಲಿಗೆ ಏಕೆ ಹೋಗಲಿಲ್ಲ?" ಎಂದು ಕೇಳಿದೆವು. ಅವನು ತಲೆ ತಗ್ಗಿಸಿ ಹೇಳಿದ ಉತ್ತರವು ಇಂದಿಗೂ ನಮ್ಮ ಕಿವಿಯಲ್ಲಿದೆ: "ಪಥ್ಯ ಬಿಟ್ಟಿದ್ದೆ ಧಣಿಗಳೇ. ಬೈಯುತ್ತಾರೆಂದು ಹೋಗಲಿಲ್ಲ."

ಆ ಮಾತು ಅವನದಾಗಿರಲಿಲ್ಲ, ನಮ್ಮದೇ ಆಗಿತ್ತು. ಮರುದಿನ ಬೆಳಿಗ್ಗೆ ಬಳಸುದಾರಿಯನ್ನು ಬಿಟ್ಟು ನೇರ ಬೀದಿಯಿಂದ ದವಾಖಾನೆಗೆ ಹೋದೆವು. ಡಾಕ್ಟರರು ಬೈಯಲಿಲ್ಲ. "ಎಷ್ಟು ದಿನವಾಯಿತು?" ಎಂದಷ್ಟೇ ಕೇಳಿ ಚೀಟಿ ಬರೆದರು. ಪರೀಕ್ಷೆಯಲ್ಲಿ 7.9 ಬಂದಿತು. ಕೆಡಿಸಿದ್ದು ಅಕ್ಕನ ಮನೆಯ ಹನ್ನೆರಡು ದಿನಗಳಲ್ಲ, ಅದರ ಬೆನ್ನಿಗೆ ನಾವಾಗಿಯೇ ಸೇರಿಸಿಕೊಂಡ ನಾಲ್ಕು ತಿಂಗಳು ಎಂಬುದು ಆಗ ಮನದಟ್ಟಾಯಿತು.

ಏರಿದ ತೂಕದ ಗುಟ್ಟು

ಆ ಎರಡು ಕಿಲೋ ತೂಕದ ಸಂಗತಿ ನಮಗೆ ಮೊದಲೇ ಗೊತ್ತಿದ್ದರೆ ಅಷ್ಟು ಎದೆಗೆಡುತ್ತಿರಲಿಲ್ಲ. ನಾವು ತಿಂದ ಪಿಷ್ಟದ ಒಂದು ಭಾಗವನ್ನು ದೇಹವು ಗ್ಲೈಕೋಜನ್ ಎಂಬ ರೂಪದಲ್ಲಿ ಪಿತ್ತಜನಕಾಂಗದಲ್ಲಿಯೂ ಮಾಂಸಖಂಡಗಳಲ್ಲಿಯೂ ಕೂಡಿಡುತ್ತದೆ. ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ. ಇದರ ಪ್ರತಿಯೊಂದು ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರು ಸೇರಿಕೊಳ್ಳುತ್ತದೆ. ಪಥ್ಯದ ಕಾಲದಲ್ಲಿ ಈ ಕಣಜ ಬಹುಮಟ್ಟಿಗೆ ಬರಿದಾಗಿರುತ್ತದೆ. ನಾಲ್ಕು ದಿನ ಹೊಟ್ಟೆ ತುಂಬ ಅನ್ನ ಉಂಡಾಗ ಮತ್ತೆ ತುಂಬಿಕೊಳ್ಳುತ್ತದೆ. ಆದ್ದರಿಂದ ಕೆಲವೇ ದಿನಗಳಲ್ಲಿ ಏರಿದ ಒಂದೆರಡು ಕಿಲೋಗಳಲ್ಲಿ ಹೆಚ್ಚಿನ ಪಾಲು ನೀರೇ ಹೊರತು ಕೊಬ್ಬಲ್ಲ. ಪಥ್ಯಕ್ಕೆ ಮರಳಿದರೆ ಒಂದೆರಡು ವಾರಗಳಲ್ಲಿ ಅದು ಬಂದಂತೆಯೇ ಹೋಗುತ್ತದೆ. ಮರಳದಿದ್ದರೆ ಮಾತ್ರ ನೀರಿನ ಹಿಂದೆಯೇ ಕೊಬ್ಬೂ ಬಂದು ನೆಲಸುತ್ತದೆ.

ಮೂರು ತಿಂಗಳ ರಕ್ತಪರೀಕ್ಷೆಯೂ ಇದನ್ನೇ ಹೇಳುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆಯನ್ನು ಅಳೆಯುವುದೇ ಈ ಪರೀಕ್ಷೆಯ ಕ್ರಮವಾದ್ದರಿಂದ, ಒಂದು ಮದುವೆಯ ಊಟವಾಗಲಿ, ಒಂದು ಚೌತಿಯ ಮೋದಕವಾಗಲಿ ಅದರ ಫಲಿತಾಂಶವನ್ನು ನಿರ್ಣಯಿಸಲಾರದು. ಉಳಿದ ದಿನಗಳೇ ಅದನ್ನು ನಿರ್ಣಯಿಸುತ್ತವೆ.

"ಹೇಗೂ ಕೆಟ್ಟಿತು" ಎಂಬ ಮಾತು

"ಹೇಗೂ ಕೆಟ್ಟಿತು, ಇನ್ನು ತಿಂದರೇನು" ಎಂಬ ಮಾತು ನಮ್ಮವರಲ್ಲಿ ಮಾತ್ರ ಇರುವ ದೌರ್ಬಲ್ಯವಲ್ಲ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಯಲು ಕೊಟ್ಟು, ಅನಂತರ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮನ್ನು ಮುಂದಿಟ್ಟರು. ಪಥ್ಯವಿಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನು ಕಡಿಮೆ ತಿಂದರು. ತಿಂಡಿಯಲ್ಲಿ ಹಿಡಿತವಿಟ್ಟುಕೊಂಡಿದ್ದವರಾದರೋ ಹೆಚ್ಚು ತಿಂದರು. ಮಿಲ್ಕ್‌ಶೇಕಿನಿಂದಲೇ ಪಥ್ಯ ಮುರಿಯಿತೆಂದು ಎಣಿಸಿ ಹಗ್ಗವನ್ನೇ ಬಿಟ್ಟುಬಿಟ್ಟರು. ಕುಡಿತದ ಚಟದವರ ನಡುವೆ ಕೆಲಸ ಮಾಡಿದ ಅಮೆರಿಕದ ಅಲನ್ ಮಾರ್ಲಟ್ ಎಂಬವರೂ 1980ರ ದಶಕದಲ್ಲಿ ಇದನ್ನೇ ಎತ್ತಿ ತೋರಿಸಿದರು. ಒಂದು ಸಲ ಜಾರುವುದು ಬೇರೆ, ಪೂರ್ತಿ ಹಿಂದಿನ ಸ್ಥಿತಿಗೆ ಬೀಳುವುದು ಬೇರೆ. ಮೊದಲನೆಯದನ್ನು ಎರಡನೆಯದಾಗಿ ಮಾಡುವುದರಲ್ಲಿ ನಾಚಿಕೆ ಹಾಗೂ ಆತ್ಮನಿಂದೆಗಳ ಪಾಲು ದೊಡ್ಡದು ಎಂಬುದು ಅವರ ಅಭಿಪ್ರಾಯ.

ಜಾರುವುದೇನೋ ಬಹುತೇಕ ಎಲ್ಲರ ಪಾಲಿಗೂ ಬರತಕ್ಕದ್ದೇ. ಪಿಷ್ಟ ಕಡಿಮೆ ಮಾಡಿದ ಮಧುಮೇಹಿಗಳ ಮೇಲಿನ 23 ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಮರ್ಶೆಯು, ಆರು ತಿಂಗಳಿನಲ್ಲಿ ಕಂಡ ಒಳ್ಳೆಯ ಫಲವು ಹನ್ನೆರಡು ತಿಂಗಳಾಗುವಷ್ಟರಲ್ಲಿ ಬಹಳಷ್ಟು ಕರಗುತ್ತದೆಂದು ತಿಳಿಸಿದೆ. ಮೇಲ್ವಿಚಾರಕರಿದ್ದ ಪ್ರಯೋಗಗಳ ಪಾಡೇ ಇದಾದರೆ, ಅಪರಾತ್ರಿಯಲ್ಲಿ ಹೊಟೇಲು ಮುಚ್ಚಿ ಉಳಿದ ಅನ್ನ ಉಣ್ಣುವ ಹುಡುಗನ ಪಾಡೇನು?

ಇದಕ್ಕೆ ಸಮಾಧಾನಕರವಾದ ಉತ್ತರವೂ ಉಂಟು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು, ಒಂದು ಹೊಸ ಅಭ್ಯಾಸವು ಮೈಗೂಡಲು ಎಷ್ಟು ದಿನ ಬೇಕೆಂದು 96 ಜನರಲ್ಲಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಮಧ್ಯಮ ಲೆಕ್ಕದಲ್ಲಿ 66 ದಿನಗಳು ಬೇಕಾದವು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ.

ಹೊಟೇಲು ನಡೆಸಿದವರಿಗೆ ಇದು ಹೊಸ ಮಾತಲ್ಲ. ಮುಂಬಯಿ ಬಂದ್ ಆದ ದಿನ ಗಿರಾಕಿಯಿಲ್ಲದೆ ಹಿಟ್ಟು ಹುಳಿದುಹೋದರೆ ನಷ್ಟವನ್ನು ಖರ್ಚಿನ ಕಡೆಗೆ ಬರೆಯುತ್ತೇವೆ. ಮರುದಿನ ಐದು ಗಂಟೆಗೆ ಹಾಲಿನವನು ಬಂದಾಗ ಬಾಗಿಲು ತೆರೆದೇ ಇರುತ್ತದೆ. ಒಂದು ದಿನದ ನಷ್ಟಕ್ಕಾಗಿ ನಾಲ್ಕು ತಿಂಗಳು ಬಾಗಿಲು ಹಾಕಿದ ಮಾಲಿಕನನ್ನು ನಾವಂತೂ ಕಂಡಿಲ್ಲ.

ಮರಳುವ ಕ್ರಮ

ಮೊದಲನೆಯದಾಗಿ, ಮರಳುವ ಮುಹೂರ್ತವು ಮುಂದಿನ ಊಟವೇ. ಸೋಮವಾರವೂ ಅಲ್ಲ, ಒಂದನೆಯ ತಾರೀಖೂ ಅಲ್ಲ. ಬೆಳಿಗ್ಗೆ ನಾಲ್ಕು ಇಡ್ಲಿ ತಿಂದಾಗಿದ್ದರೆ ಮಧ್ಯಾಹ್ನದ ಬಟ್ಟಲಿನಿಂದಲೇ ಪಥ್ಯ ಆರಂಭವಾಗಲಿ.

ಎರಡನೆಯದಾಗಿ, ತಪ್ಪಿಗೆ ದಂಡವೆಂದು ಉಪವಾಸ ಬೀಳಕೂಡದು. ಹಸಿದ ಹೊಟ್ಟೆಯು ರಾತ್ರಿ ಬಡ್ಡಿಸಮೇತ ವಸೂಲು ಮಾಡುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡಿನಂಥ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ ಬಿಟ್ಟರೆ ಸಕ್ಕರೆಯು ಅಪಾಯಕರವಾಗಿ ಇಳಿದು ತಲೆ ತಿರುಗಬಹುದು; ಕಾದ ಹೆಂಚಿನ ಮುಂದೆ, ಕುದಿಯುವ ಎಣ್ಣೆಯ ಬಳಿ ನಿಲ್ಲುವವರಿಗೆ ಇದರ ಅರ್ಥವನ್ನು ವಿವರಿಸಬೇಕಾದುದಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳವರು ಪಿಷ್ಟವನ್ನು ತೀರ ಕಡಿಮೆ ಮಾಡಿದರೆ ರಕ್ತದಲ್ಲಿ ಆಮ್ಲವೇರುವ ಭಯವುಂಟು. ಆದುದರಿಂದ ಇವರು ಡಾಕ್ಟರರನ್ನು ಕೇಳಿಯೇ ಮರಳತಕ್ಕದ್ದು. ತಪ್ಪಿದ್ದನ್ನು ಮುಚ್ಚಿಡದೆ ಹೇಳಿ. ಎಷ್ಟು ದಿನ, ಏನೇನು ತಿಂದಿರೆಂದು ತಿಳಿದರೇನೇ ಅವರು ಔಷಧದ ಪ್ರಮಾಣವನ್ನು ಸರಿಪಡಿಸಬಲ್ಲರು.

ಮೂರನೆಯದಾಗಿ, ಮೊದಲ ಕೆಲವು ದಿನ ತಲೆನೋವು, ಸುಸ್ತು ಬರಬಹುದು. ಕೂಡಿದ್ದ ನೀರಿನೊಡನೆ ಉಪ್ಪೂ ಹೊರಟುಹೋಗುವುದು ಇದಕ್ಕೆ ಒಂದು ಕಾರಣ. ಒಂದು ಲೋಟ ಉಪ್ಪು ಬೆರೆಸಿದ ಮಜ್ಜಿಗೆ ಸಾಕು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯಿದ್ದವರು ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಬೇಕು.

ನಾಲ್ಕನೆಯದಾಗಿ, ಒಮ್ಮೆಲೇ ಎಲ್ಲವನ್ನೂ ಬಿಡಲಾರದವರು ಕಾಲುಕಾಲಾಗಿ ಬಿಡಲಿ. ಅಹಿತವಾದ ಅಭ್ಯಾಸವನ್ನು ಕಾಲುಭಾಗದಂತೆ ಬಿಡುತ್ತ, ಹಿತವಾದುದನ್ನು ಅದೇ ಕ್ರಮದಲ್ಲಿ ಹಿಡಿಯಬೇಕೆಂಬ ವಿಧಿಯು ನಮ್ಮ ಚರಕಸಂಹಿತೆಯಲ್ಲಿಯೇ ಇದೆ. ಚಹಾದಿಂದ ಆರಂಭಿಸುವುದು ಸುಲಭ. ಒಂದು ಚಮಚೆ ಸಕ್ಕರೆಯೆಂದರೆ ಸುಮಾರು 4 ಗ್ರಾಂ. ಅರ್ಧ ಚಹಾಕ್ಕೆ ಎರಡು ಚಮಚೆಯಂತೆ ದಿನಕ್ಕೆ ಎಂಟು ಚಹಾ ಕುಡಿದರೆ 64 ಗ್ರಾಂ ಆಯಿತು. ಸಕ್ಕರೆಯಿಂದ ಬರುವ ಶಕ್ತಿಯು ನೂರಕ್ಕೆ ಹತ್ತನ್ನು, ಅಂದರೆ ದಿನಕ್ಕೆ ಸುಮಾರು 50 ಗ್ರಾಂ ಮೀರಬಾರದು, 25 ಗ್ರಾಮಿಗೆ ಇಳಿದರೆ ಇನ್ನೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿದೆ. ಅದು ಸಾಮಾನ್ಯರಿಗೆ ಹೇಳಿದ ಮಾತು, ಮಧುಮೇಹಿಯ ಪಾಡು ಇನ್ನೂ ಬಿಗಿ. ನಮ್ಮವರಲ್ಲಿ ಎಷ್ಟೋ ಜನ ಊಟಕ್ಕೆ ಕೂರುವ ಮೊದಲೇ ಆ ಮಿತಿಯನ್ನು ದಾಟಿರುತ್ತಾರೆ.

ಐದನೆಯದಾಗಿ, ಉಣ್ಣುವ ಅನುಕ್ರಮವನ್ನು ಬದಲಿಸಬಹುದು. ಮೊದಲು ಪಲ್ಯ, ಕಾಳು, ಮೊಟ್ಟೆ ಅಥವಾ ಮೀನು, ಕೊನೆಗೆ ಅನ್ನ. 2015ರಲ್ಲಿ ನ್ಯೂಯಾರ್ಕಿನ ವೈದ್ಯರು ಹನ್ನೊಂದು ಮಂದಿ ಮಧುಮೇಹಿಗಳ ಮೇಲೆ ನಡೆಸಿದ ಸಣ್ಣ ಪ್ರಯೋಗದಲ್ಲಿ, ಅದೇ ಊಟವನ್ನು ಈ ಕ್ರಮದಲ್ಲಿ ಉಂಡಾಗ ಸಕ್ಕರೆಯ ಏರಿಕೆ ಕಡಿಮೆಯಾಯಿತು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಊಟದ ಮೇಲೆ ಹತ್ತು ನಿಮಿಷ ನಡೆದರೆ ಇನ್ನೂ ಒಳ್ಳೆಯದು.

ಹಾಗೆಯೇ, ಪಥ್ಯದ ವೇಷದಲ್ಲಿ ಬರುವ ಅಪಥ್ಯವನ್ನು ಗುರುತಿಸಬೇಕು. ಏಕಾದಶಿಯಂದು ಅನ್ನ ಬಿಟ್ಟೆವೆಂದು ಸಾಬುದಾಣೆ ಖಿಚಡಿಯನ್ನು ಎರಡು ತಟ್ಟೆ ತಿನ್ನುವವರನ್ನು ಈ ನಾಡಿನಲ್ಲಿ ಧಾರಾಳವಾಗಿ ಕಾಣುತ್ತೇವೆ. ಸಾಬುದಾಣೆಯು ಬಹುತೇಕ ಅಪ್ಪಟ ಪಿಷ್ಟವೇ. ಕುಚ್ಚಲಕ್ಕಿಯೂ ಅಕ್ಕಿಯೇ, ಬೆಲ್ಲವೂ ಸಕ್ಕರೆಯೇ.

ಮಾಲಿಕರಿಗೆ ಒಂದು ಮಾತು

ಇಷ್ಟನ್ನು ಹೇಳಿ ನಿಲ್ಲಿಸಿದರೆ ತಪ್ಪೆಲ್ಲವನ್ನೂ ಕೆಲಸಗಾರನ ನಾಲಗೆಯ ಮೇಲೆ ಹೊರಿಸಿದಂತಾಗುತ್ತದೆ. ಅದು ನ್ಯಾಯವಲ್ಲ. ನಾವು ಮಾಲಿಕರಾಗಿದ್ದಾಗ ನಮ್ಮ ಹುಡುಗರಿಗೆ ಏನನ್ನು ಬಡಿಸಿದೆವು? ಅನ್ನದ ಬೆಟ್ಟ, ಅದರ ಮೇಲೆ ತೆಳ್ಳಗಿನ ಸಾಂಬಾರು, ಬದಿಯಲ್ಲಿ ಉಪ್ಪಿನಕಾಯಿ. ಅಕ್ಕಿ ಅಗ್ಗ, ಹೊಟ್ಟೆ ಬೇಗ ತುಂಬುತ್ತದೆ ಎಂಬುದೇ ನಮ್ಮ ಲೆಕ್ಕವಾಗಿತ್ತು. ಬೆಂದ ಅನ್ನದ 100 ಗ್ರಾಮಿನಲ್ಲಿ ಸುಮಾರು 28 ಗ್ರಾಂ ಪಿಷ್ಟವಿರುತ್ತದೆ. ಒಂದು ಹೊತ್ತಿಗೆ ಅರ್ಧ ಕಿಲೋ ಅನ್ನದಂತೆ ಮೂರು ಹೊತ್ತು ಉಂಡವನ ಹೊಟ್ಟೆಗೆ 420 ಗ್ರಾಂ ಪಿಷ್ಟ ಹೋಯಿತು. ಪೇಟೆಯಲ್ಲಿ ದಿನವೆಲ್ಲ ಮೂಟೆ ಹೊರುವ ಮಾಥಾಡಿ ಕೆಲಸಗಾರನ ಬೆವರಿನಲ್ಲಿ ಅದರ ಬಹುಪಾಲು ಕರಗೀತು. ಗಲ್ಲೆಯ ಮೇಲೆ ಕುಳಿತವನಲ್ಲಿ, ಗೋದಾಮಿನ ಲೆಕ್ಕ ಬರೆಯುವ ಗುಮಾಸ್ತನಲ್ಲಿ ಅದು ಎಲ್ಲಿಗೆ ಹೋಗಬೇಕು? ಬೇರೇನನ್ನೂ ಬಡಿಸದೆ, ಪಥ್ಯ ತಪ್ಪಿದೆಯೆಂದು ಅವನನ್ನು ಬೈಯುವುದು ಯಾವ ಧರ್ಮ?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರಸೂತ್ರಗಳಲ್ಲಿ, ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ನೂರಕ್ಕೆ 45ನ್ನು ಮೀರದಿರಲಿ, ಬೇಳೆಕಾಳು ಹಾಗೂ ಮಾಂಸಾದಿಗಳ ಪಾಲು ಸುಮಾರು 15 ಇರಲಿ ಎಂದಿದೆ. ತುರ್ಭೆಯ ಹೊಟೇಲುಗಳಿಗೆ ಇದು ಅಸಾಧ್ಯವಾದ ಮಾತಲ್ಲ. 1980ರ ದಶಕದಿಂದ ಮೊದಲ್ಗೊಂಡು ಮುಂಬಯಿಯ ಸಗಟು ಪೇಟೆಗಳು ಒಂದೊಂದಾಗಿ ನಮ್ಮ ಬಾಗಿಲಿಗೇ ಬಂದಿವೆ; ತರಕಾರಿ ಮತ್ತು ಹಣ್ಣಿನ ಪೇಟೆಗಳು 1996ರಲ್ಲಿ ಬಂದವು. ಇಡೀ ಮುಂಬಯಿ ತಿನ್ನುವ ಎಲೆಕೋಸು, ಬೆಂಡೆ, ಸೋರೆ, ಮೆಂತೆಸೊಪ್ಪುಗಳು ಅಪರಾತ್ರಿಯಲ್ಲಿ ಲಾರಿಗಳಿಂದ ಇಳಿಯುವುದು ನಾವು ಮಲಗಿರುವ ಕೋಣೆಗಳ ಸಮೀಪದಲ್ಲಿಯೇ. ಕಾಳುಕಡಿಗಳ ಪೇಟೆಯೂ ಅಲ್ಲಿಯೇ ಇದೆ. ಹುಡುಗರ ಊಟಕ್ಕೆ ಒಂದು ಬಟ್ಟಲು ಮೊಳಕೆ ಬರಿಸಿದ ಹೆಸರುಕಾಳು, ಒಂದು ಸೊಪ್ಪಿನ ಪಲ್ಯ, ತಿನ್ನುವವರಿಗೆ ಒಂದು ಮೊಟ್ಟೆ ಸೇರಿಸಿದರೆ ಯಾವ ಮಾಲಿಕನೂ ದಿವಾಳಿಯಾಗಲಾರನು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. ಅದನ್ನು ಅಂದು ನಾವು ಖರ್ಚೆಂದು ಎಣಿಸಿದೆವು. ಕಿರುಬೆರಳು ಕಳೆದುಕೊಂಡ ಆ ಕ್ಯಾಪ್ಟನನು ನಮ್ಮ ಅಡಿಗೆಮನೆಯಲ್ಲಿಯೇ ಆರು ವರ್ಷ ಉಂಡವನು ಎಂಬುದನ್ನು ನೆನೆದಾಗ ಆ ಉಳಿತಾಯದ ಲೆಕ್ಕವು ನಮಗೆ ಸರಿಕಾಣುವುದಿಲ್ಲ.

ಅವನು ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ನಿಂತು ಮಾಡುವ ಕೆಲಸ ಬಿಟ್ಟು ಗಲ್ಲೆಯ ಮೇಲೆ ಕುಳಿತಿದ್ದಾನೆ. ರಾತ್ರಿ ಮಲಗುವ ಮೊದಲು ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾನಂತೆ. ಕಳೆದ ದೀಪಾವಳಿಯಲ್ಲಿ ಅವನ ಪಥ್ಯ ಎರಡು ದಿನ ತಪ್ಪಿತಂತೆ. ಮೂರನೆಯ ದಿನ ತಾನಾಗಿಯೇ ಡಾಕ್ಟರರಲ್ಲಿಗೆ ಹೋಗಿ ಹೇಳಿ ಬಂದನಂತೆ. ನಮ್ಮ ಸಂಖ್ಯೆಯೂ 7.9ರಿಂದ 6.8ಕ್ಕೆ ಇಳಿದಿದೆ. ಮುಂದಿನ ಮೇ ತಿಂಗಳಲ್ಲಿ ಮತ್ತೆ ಊರಿಗೆ ಹೋಗುವುದಿದೆ. ಅಕ್ಕ ನೀರುದೋಸೆ ಹಾಕದೆ ಬಿಡಲಾರಳು, ನಾವು ತಿನ್ನದೆ ಬರಲಾರೆವು. ಆದರೆ ಪನವೇಲಿನಲ್ಲಿ ಇಳಿದ ದಿನದ ಚಹಾಕ್ಕೆ ಸಕ್ಕರೆ ಬೇಡವೆಂದು ಈಗಲೇ ಮನೆಯಲ್ಲಿ ಹೇಳಿಟ್ಟಿದ್ದೇವೆ.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಪಥ್ಯ ತಪ್ಪಿ, ನಾಚಿಕೆಯಿಂದ ತಿಂಗಳುಗಟ್ಟಲೆ ಪರೀಕ್ಷೆ ಮಾಡಿಸದೆ ಇದ್ದರೆ, ಈ ವಾರದ ರಜೆಯ ದಿನ ಹೋಗಿ ಮಾಡಿಸಿಕೊಳ್ಳಬೇಕೆಂದು ಬಿನ್ನವಿಸುತ್ತೇವೆ. ನವಿಮುಂಬಯಿ ಮಹಾನಗರಪಾಲಿಕೆಯ ನಾಗರಿ ಆರೋಗ್ಯ ಕೇಂದ್ರಗಳು ನಮ್ಮ ಆಸುಪಾಸಿನಲ್ಲಿಯೇ ಇವೆ. 30 ವರ್ಷ ಮೀರಿದವರ ಸಕ್ಕರೆ ಮತ್ತು ರಕ್ತದೊತ್ತಡವನ್ನು ತಪಾಸಣೆ ಮಾಡಬೇಕೆಂಬುದು ಸರಕಾರದ ರಾಷ್ಟ್ರೀಯ ಕಾರ್ಯಕ್ರಮವೂ ಆಗಿದೆ. ನಮ್ಮ ದುಡಿಮೆಯನ್ನು ನಂಬಿ ಊರಿನಲ್ಲಿ ಒಂದೊಂದು ಮನೆ ನಡೆಯುತ್ತಿದೆ. ಆ ಮನೆಯವರಿಗೆ ನಾವು ತಪ್ಪದ ಮನುಷ್ಯರಾಗಿ ಬೇಕಾಗಿಲ್ಲ. ಎರಡು ಕಾಲುಗಳ ಮೇಲೆ ನಡೆದು ಮನೆಗೆ ಬರುವವರಾದರೆ ಸಾಕು.